ಮೋಸ: ಸ್ವಭಾವದ ದೋಷವೋ, ಸಂದರ್ಭದ ಫಲವೋ?

ಮೋಸದ ಪ್ರಸ್ತಾಪ ಬಂದಾಗಲೆಲ್ಲ ಜನರನ್ನು ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಪಂಗಡಗಳಾಗಿ ವಿಂಗಡಿಸಿ ಮಾತನಾಡುವುದು ರೂಢಿ. ಪೇಟೆಯ ಅನುಭವ ಈ ವಿಂಗಡಣೆಯನ್ನು ಸಮರ್ಥಿಸುವುದಿಲ್ಲ. ಬೆಳಿಗ್ಗೆ ಮಾರುಕಟ್ಟೆಯ ಪ್ರಾಂಗಣದಲ್ಲಿ ಬರಿಯ ಮಾತಿನ ಮೇಲೆ ಐದಾರು ಲಕ್ಷ ರೂಪಾಯಿಗಳ ಸರಕನ್ನು ಖರೀದಿಸಿ, ಸಂಜೆಯೊಳಗೆ ದರ ಕುಸಿದರೂ ಆಡಿದ ಮಾತಿಗೆ ತಪ್ಪದ ವರ್ತಕನೇ, ಮರುದಿನ ಬಿಳಿ ಚೀಟಿಯ ಮೇಲೆ ಮಾರಾಟ ಬರೆದುಕೊಟ್ಟು ಅದನ್ನು ಕಿರ್ದಿಗೆ ತಾರದೆ ಬಿಡುತ್ತಾನೆ. ತೂಕದಲ್ಲಿ ಒಂದು ಗ್ರಾಂ ಕಡಿಮೆ ಕೊಡದ ಗಿರಣಿಯ ಮಾಲೀಕ, ಕಾರ್ಮಿಕರ ವೇತನವನ್ನು ಎರಡಾಗಿ ಒಡೆದು ಭವಿಷ್ಯನಿಧಿಯ ವಂತಿಗೆಯನ್ನು ಇಳಿಸಿಕೊಳ್ಳುತ್ತಾನೆ. ಆದಾಯ ತೆರಿಗೆಯನ್ನು ಪೈಸೆ ಬಿಡದೆ ಕಟ್ಟುವ ನೌಕರ ರಜೆಗಾಗಿ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತರುತ್ತಾನೆ. ಅವನು ನಿವೇಶನ ಮಾರಿದಾಗ ಕ್ರಯಪತ್ರದಲ್ಲಿ ಕಾಣುವುದು ಕೈಗೆ ಬಂದ ಬೆಲೆಯಲ್ಲ, ಸರಕಾರದ ಮಾರ್ಗಸೂಚಿ ದರ. ಇವರಲ್ಲಿ ಯಾರೊಬ್ಬರೂ ತಮ್ಮನ್ನು ಮೋಸಗಾರರೆಂದು ಎಣಿಸಿಕೊಂಡವರಲ್ಲ. ನೆರೆಹೊರೆಯವರೂ ಅವರನ್ನು ಹಾಗೆ ಕರೆಯುವುದಿಲ್ಲ.

ಆದುದರಿಂದ ಯಾರು ಮೋಸ ಮಾಡುತ್ತಾರೆ ಎಂಬ ಪ್ರಶ್ನೆಗಿಂತ, ಒಬ್ಬನೇ ಮನುಷ್ಯ ಎಲ್ಲಿ ಮೋಸ ಮಾಡುತ್ತಾನೆ, ಎಲ್ಲಿ ಮಾಡುವುದಿಲ್ಲ ಎಂಬ ಪ್ರಶ್ನೆ ವ್ಯಾಪಾರಿಗಳಿಗೆ ಹೆಚ್ಚು ಉಪಯುಕ್ತ. ಮೊದಲ ಪ್ರಶ್ನೆಗೆ ಉತ್ತರ ದೊರೆತರೂ ಅದರಿಂದ ಮಾಡಬಹುದಾದುದು ಅಷ್ಟಕ್ಕಷ್ಟೆ. ಎರಡನೆಯದಕ್ಕೆ ಉತ್ತರ ದೊರೆತರೆ ಅಂಗಡಿಯ ವ್ಯವಸ್ಥೆಯನ್ನಾದರೂ ಬದಲಿಸಬಹುದು.

ಈ ದಿಕ್ಕಿನಲ್ಲಿ ವ್ಯವಸ್ಥಿತವಾಗಿ ಯೋಚಿಸಿದವರಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸ್ಸಿ ಪ್ರಮುಖರು. ನಂಬಿಕೆಯ ಸ್ಥಾನದಲ್ಲಿದ್ದು ಹಣ ಲಪಟಾಯಿಸಿ ಜೈಲು ಸೇರಿದವರನ್ನು ಮಾತನಾಡಿಸಿ 1953ರಲ್ಲಿ ಅವರು ಪ್ರಕಟಿಸಿದ ಗ್ರಂಥವೇ ಇಂದಿನ ಲೆಕ್ಕಪರಿಶೋಧನೆಯ ಮಾನದಂಡಗಳಲ್ಲಿ ವಂಚನೆಯ ಕಾರಣಗಳ ಕುರಿತಾಗಿ ಬರುವ ವಿವರಣೆಗೆ ಮೂಲ. ಯಾರೊಡನೆಯೂ ಹೇಳಿಕೊಳ್ಳಲಾಗದ ಹಣದ ಮುಗ್ಗಟ್ಟು, ಸಿಕ್ಕಿಬೀಳದೆ ಕೈಹಾಕಬಹುದಾದ ಅವಕಾಶ, ಮಾಡುತ್ತಿರುವುದು ತಪ್ಪಲ್ಲವೆಂದು ತನಗೆ ತಾನೇ ಕೊಟ್ಟುಕೊಳ್ಳುವ ಸಮಜಾಯಿಷಿ, ಈ ಮೂರೂ ಒಂದೆಡೆ ಕೂಡಿದಾಗ ಮಾತ್ರ ಅಲ್ಲಿಯವರೆಗೆ ನಂಬಿಗಸ್ತನಾಗಿದ್ದವನು ಜಾರುತ್ತಾನೆಂಬುದು ಅವರ ನಿರ್ಣಯ. ಅವರು ಮಾತನಾಡಿಸಿದ ಅನೇಕರು ತಾವು ಕದಿಯುತ್ತಿದ್ದೇವೆಂದು ಭಾವಿಸಿರಲಿಲ್ಲ, ಸಾಲ ಪಡೆಯುತ್ತಿದ್ದೇವೆಂದೇ ನಂಬಿದ್ದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಹತ್ತು ವರ್ಷ ಕುಳಿತ ಗುಮಾಸ್ತ ಮೊದಲ ಸಲ ಎರಡು ಸಾವಿರ ರೂಪಾಯಿ ತೆಗೆದುಕೊಂಡಾಗ ಒಂದನೆಯ ತಾರೀಖಿಗೆ ತಿರುಗಿ ಇಡುವ ಉದ್ದೇಶವೇ ಅವನದಾಗಿರುತ್ತದೆ. ಮಾಲೀಕರು ಬೀಗ, ಕ್ಯಾಮೆರಾ, ದಿಢೀರ್ ತಪಾಸಣೆಗಳ ಮೂಲಕ ಅವಕಾಶವನ್ನು ಮುಚ್ಚಲು ನೋಡುತ್ತಾರೆ, ಅದು ಸರಿ. ಆದರೆ ಮಗಳ ಮದುವೆಗೆ ಮುಂಗಡ ಕೇಳಲು ಹೆದರುವ ವಾತಾವರಣವನ್ನು ಅಂಗಡಿಯಲ್ಲಿ ನಿರ್ಮಿಸಿದವರೂ ಅವರೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಅವಕಾಶದ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ತೆರಿಗೆಯ ಅಂಕಿಅಂಶಗಳೇ ಸಾಕ್ಷಿ. 2017ರ ಮುಂಗಡಪತ್ರದ ಭಾಷಣದಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು ನೀಡಿದ ವಿವರದಂತೆ, 5 ಲಕ್ಷ ರೂಪಾಯಿಗಿಂತ ಹೆಚ್ಚಿನ ಆದಾಯ ಘೋಷಿಸಿದ್ದ 76 ಲಕ್ಷ ವ್ಯಕ್ತಿಗಳಲ್ಲಿ 56 ಲಕ್ಷ ಮಂದಿ ಸಂಬಳದಾರರೇ ಆಗಿದ್ದರು. ಅಷ್ಟು ದೊಡ್ಡ ದೇಶದ ವ್ಯಾಪಾರ, ಉದ್ದಿಮೆ, ವೃತ್ತಿಗಳೆಲ್ಲ ಸೇರಿ ಉಳಿದುದು 20 ಲಕ್ಷ ಮಾತ್ರ. ಇದನ್ನು ಓದಿ ನೌಕರವರ್ಗ ಹೆಚ್ಚು ಪ್ರಾಮಾಣಿಕವೆಂದೂ ವರ್ತಕವರ್ಗ ಕಳ್ಳರ ಕೂಟವೆಂದೂ ತೀರ್ಮಾನಿಸಿದವರು ಆಗ ಅನೇಕರಿದ್ದರು. ಆ ತೀರ್ಮಾನ ಆತುರದ್ದು. ಸಂಬಳದಾರನ ತೆರಿಗೆ ಅವನ ಕೈಗೆ ಹಣ ಬರುವ ಮುನ್ನವೇ ಮುರಿದುಹೋಗಿರುತ್ತದೆ. ಬಚ್ಚಿಡಲು ಅವನಲ್ಲಿ ಏನೂ ಇರುವುದಿಲ್ಲ. ಡೆನ್ಮಾರ್ಕ್ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ತೆರಿಗೆದಾರರನ್ನು ಒಳಗೊಂಡು ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನೇ ತೋರಿಸಿತು. ಮಾಲೀಕ ಅಥವಾ ಬ್ಯಾಂಕು ನೇರವಾಗಿ ಇಲಾಖೆಗೆ ವರದಿ ಮಾಡುವ ಆದಾಯದಲ್ಲಿ ವಂಚನೆ ಇಲ್ಲವೆನ್ನುವಷ್ಟು ಕಡಿಮೆ. ತೆರಿಗೆದಾರ ತಾನೇ ಹೇಳಿಕೊಳ್ಳಬೇಕಾದ ಆದಾಯದಲ್ಲಿ ಅದು ಗಣನೀಯ. ಜನ ಅವರೇ, ದೇಶ ಅದೇ. ಬದಲಾದುದು ಹೇಳುವ ಬಾಯಿ ಮಾತ್ರ.

ಶಾಲಾ ಪರೀಕ್ಷೆಯ ಕೊಠಡಿಯಲ್ಲಿಯೂ ಇದೇ ಕಥೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಉತ್ತೀರ್ಣರ ಪ್ರಮಾಣ 2023ರಲ್ಲಿ ಶೇಕಡ 83.89 ಇತ್ತು. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಟ್ಟಾಗ, ಹೆಚ್ಚುವರಿ ಕೃಪಾಂಕಗಳನ್ನು ಕೊಟ್ಟ ಮೇಲೂ ಅದು ಶೇಕಡ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಮಂಕಾಗಲಿಲ್ಲ, ಉಪಾಧ್ಯಾಯರ ಪಾಠ ಕೆಡಲಿಲ್ಲ. ಹಿಂದಿನ ವರ್ಷಗಳ ಅಂಕಪಟ್ಟಿಗಳಲ್ಲಿ ಎಷ್ಟು ಭಾಗ ಕೊಠಡಿಯ ಔದಾರ್ಯವಾಗಿತ್ತೆಂಬುದನ್ನು ಈಗ ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುವ ಕಾರ್ಖಾನೆಯವರು ಅನುಭವದಿಂದಲೇ ಬಲ್ಲರು.

ಆದರೆ ಅವಕಾಶವೊಂದೇ ಕಾರಣವಾಗಿದ್ದರೆ ಪೇಟೆಯಲ್ಲಿ ಬಾಯಿಮಾತಿನ ವ್ಯವಹಾರ ಒಂದು ದಿನವೂ ನಡೆಯುತ್ತಿರಲಿಲ್ಲ. ಅಲ್ಲಿ ಮಾತು ಮುರಿಯುವ ಅವಕಾಶ ಹೆಜ್ಜೆ ಹೆಜ್ಜೆಗೂ ಇದೆ, ಮುರಿಯುವವರು ವಿರಳ. ಇದರ ಗುಟ್ಟನ್ನು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1760ರ ದಶಕದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ತಮ್ಮ ಉಪನ್ಯಾಸಗಳಲ್ಲಿಯೇ ಬಿಡಿಸಿದ್ದರು. ಯೂರೋಪಿನಲ್ಲಿ ಅತ್ಯಂತ ಹೆಚ್ಚು ವ್ಯಾಪಾರನಿರತರಾದ ಡಚ್ಚರೇ ಕೊಟ್ಟ ಮಾತನ್ನು ಹೆಚ್ಚಾಗಿ ಉಳಿಸಿಕೊಳ್ಳುವವರೆಂದೂ, ಅದಕ್ಕೆ ಕಾರಣ ಅವರ ಜನಾಂಗದ ಸದ್ಗುಣವಲ್ಲವೆಂದೂ ಅವರು ಹೇಳಿದರು. ದಿನಕ್ಕೆ ಹತ್ತಾರು ಕರಾರುಗಳನ್ನು ಮಾಡಿಕೊಳ್ಳುವವನಿಗೆ ಒಂದು ಮೋಸದ ಲಾಭಕ್ಕಿಂತ ಹೆಸರು ಕೆಡುವ ನಷ್ಟ ದೊಡ್ಡದು. ಅಪರೂಪಕ್ಕೊಮ್ಮೆ ಸಂಧಾನಕ್ಕೆ ಕೂರುವ ರಾಯಭಾರಿಗಳಿಗೆ ಆ ಭಯವಿಲ್ಲ. ಆದುದರಿಂದಲೇ ಅವರ ಮಾತನ್ನು ಅಷ್ಟಾಗಿ ನಂಬಲಾಗದೆಂದೂ ಅವರು ಸೇರಿಸಿದ್ದುಂಟು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯ ತತ್ವವೂ ಇದೇ. ನಾಳೆ ಮತ್ತೆ ಅದೇ ಬಾವಿಕಟ್ಟೆಯಲ್ಲಿ ಮುಖ ನೋಡಬೇಕಾದವರ ನಡುವೆ ವಂಚನೆ ದುಬಾರಿಯಾಗುತ್ತದೆ.

ಪೇಟೆಯ ಭಾಷೆಯಲ್ಲಿ ಇದಕ್ಕೆ ಪತ್ತು ಎಂದು ಹೆಸರು. ಪತ್ತು ಕೆಟ್ಟ ವರ್ತಕನಿಗೆ ಉದ್ರಿ ಹುಟ್ಟುವುದಿಲ್ಲ; ಉದ್ರಿ ಹುಟ್ಟದವನ ಅಂಗಡಿಯ ಆಯುಷ್ಯ ಮುಂದಿನ ಹಂಗಾಮಿನವರೆಗೆ. ಪತ್ತಿನ ಕಾವಲು ಇಲ್ಲದ ಕಡೆಗಳನ್ನು ನೋಡಿದರೆ ಮೋಸದ ಭೂಪಟ ತಾನಾಗಿ ಮೂಡುತ್ತದೆ: ಹೆದ್ದಾರಿಯ ಬದಿಯ ಉಪಾಹಾರ ಗೃಹ, ಜೀವಮಾನಕ್ಕೊಮ್ಮೆ ನಡೆಯುವ ನಿವೇಶನದ ಖರೀದಿ, ಒಮ್ಮೆ ಗೆದ್ದರೆ ಮೂವತ್ತು ವರ್ಷದ ಸಂಬಳ ಕೈಸೇರುವ ನೇಮಕಾತಿ ಪರೀಕ್ಷೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯದ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗಳನ್ನೇ ತಿದ್ದಿದ ಪ್ರಕರಣ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧನಕ್ಕೊಳಗಾದರು. ಕಷ್ಟಪಟ್ಟು ಓದಿ ಆಯ್ಕೆಯಾಗಿದ್ದವರೂ ಮರುಪರೀಕ್ಷೆಗಾಗಿ 2024ರ ಜನವರಿಯವರೆಗೆ ಕಾಯಬೇಕಾಯಿತು.

ಈ ಕೊನೆಯ ಸಂಗತಿ ಸಣ್ಣ ಉತ್ಪಾದಕರಿಗೆ ಚಿರಪರಿಚಿತ. ಮೋಸದ ಮೊದಲ ಬಲಿ ಅನೇಕ ವೇಳೆ ಗಿರಾಕಿಯಲ್ಲ, ಮೋಸ ಮಾಡದ ಪ್ರತಿಸ್ಪರ್ಧಿ. ಸರಕಿನ ಗುಣಮಟ್ಟ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಕಾಣದಿದ್ದಲ್ಲಿ, ಒಳ್ಳೆಯ ಸರಕು ಪೇಟೆಯಿಂದ ಹೊರದೂಡಲ್ಪಡುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯ ಪಾಲುದಾರರಾದರು. ಮೆಣಸಿನ ಪುಡಿಗೆ ಬಣ್ಣ ಬೆರೆಸುವವನ ಪಕ್ಕದಲ್ಲಿ ಶುದ್ಧ ಪುಡಿ ಮಾರುವವನು ಕಿಲೋಗೆ ಮೂವತ್ತು ರೂಪಾಯಿ ಹೆಚ್ಚಿಗೆ ಕೇಳಬೇಕು, ನೋಡಲು ಅವನ ಪುಡಿಯೇ ಮಂಕು. ಎರಡು ವರ್ಷ ಅವನು ತಡೆದುಕೊಳ್ಳುತ್ತಾನೆ. ಮೂರನೆಯ ವರ್ಷ ಒಂದೋ ಯಂತ್ರ ಮಾರುತ್ತಾನೆ, ಇಲ್ಲವೇ ಬಣ್ಣ ತರಿಸುತ್ತಾನೆ. ಎಲ್ಲರೂ ಮಾಡುತ್ತಾರೆ ಎಂಬ ಸಮಜಾಯಿಷಿಯನ್ನು ಉಪದೇಶಕರು ಹಗುರವಾಗಿ ತಳ್ಳಿಹಾಕುತ್ತಾರೆ, ಆದರೆ ತಿಂಗಳ ಕೊನೆಗೆ ಬಡ್ಡಿ ಕಟ್ಟಬೇಕಾದವನಿಗೆ ಅದು ನೆಪವಲ್ಲ, ಲೆಕ್ಕಾಚಾರ. ಅಗ್‌ಮಾರ್ಕ್, ಐಎಸ್‌ಐ ಗುರುತುಗಳ ಮೂಲ ಪ್ರಯೋಜನ ಇಂಥವನನ್ನು ಉಳಿಸುವುದರಲ್ಲಿದೆ. ಅವನ್ನು ಕೇವಲ ಇಲಾಖೆಯ ಕಿರಿಕಿರಿಯೆಂದು ಬಗೆಯುವ ಉದ್ದಿಮೆದಾರರು ಈ ಅಂಶವನ್ನು ಗಮನಿಸಬೇಕು.

ಇನ್ನು ದೊಡ್ಡ ವಂಚನೆಗಳು. ಅವು ದೊಡ್ಡದಾಗಿ ಆರಂಭವಾಗುವುದು ಅಪರೂಪ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ರಾಮಲಿಂಗ ರಾಜು ಅವರು ಬರೆದ ಪತ್ರದಲ್ಲಿ, ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ಮೊದಲು ಅಲ್ಪ ಅಂತರವಷ್ಟೇ ಇದ್ದು ಅದು ವರ್ಷ ವರ್ಷ ಬೆಳೆಯಿತೆಂದು ಒಪ್ಪಿಕೊಳ್ಳಲಾಗಿತ್ತು. 2008ರ ಸೆಪ್ಟೆಂಬರ್ ಅಂತ್ಯದ ತ್ರೈಮಾಸಿಕದಲ್ಲಿ ತೋರಿಸಿದ ಕಾರ್ಯಾಚರಣೆಯ ಲಾಭ 649 ಕೋಟಿ ರೂಪಾಯಿ, ನಿಜವಾದುದು 61 ಕೋಟಿ. ಇಲ್ಲದ ನಗದು ಮತ್ತು ಬ್ಯಾಂಕ್ ಶಿಲ್ಕು 5,040 ಕೋಟಿ. ಲೆಕ್ಕಪರಿಶೋಧಕರ ವೃತ್ತಿ ಅಂದು ತಲೆ ತಗ್ಗಿಸಬೇಕಾಯಿತು. ಬ್ಯಾಂಕಿನ ಶಿಲ್ಕನ್ನು ಬ್ಯಾಂಕಿನಿಂದಲೇ ನೇರವಾಗಿ ಖಚಿತಪಡಿಸಿಕೊಳ್ಳುವುದು ಆ ವೃತ್ತಿಯ ಅಕ್ಷರಾಭ್ಯಾಸದ ಪಾಠ. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ಹೊಗೆ ಪರೀಕ್ಷೆಯ ಸಮಯವನ್ನು ಗುರುತಿಸಿ ಎಂಜಿನ್ನಿನ ನಡವಳಿಕೆ ಬದಲಿಸುವ ತಂತ್ರಾಂಶವನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಅಳವಡಿಸಿದ್ದು 2015ರಲ್ಲಿ ಬೆಳಕಿಗೆ ಬಂದಾಗಲೂ ಕಂಡದ್ದು ಇದೇ ಜಾಡು: ಮೇಲಿನಿಂದ ಬಂದ ಗುರಿ, ಅದು ಆಗದೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಆಮೇಲೆ ಒಂದು ಸಣ್ಣ ಅನುಕೂಲ.

ಇವು ದೂರದ ದೊಡ್ಡ ಮನೆಗಳ ಸುದ್ದಿಯೆಂದು ಸಣ್ಣ ಉದ್ದಿಮೆದಾರರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕ್ಯಾಶ್ ಕ್ರೆಡಿಟ್ ಖಾತೆಯ ಮಿತಿ ಉಳಿಸಿಕೊಳ್ಳಲು ತಿಂಗಳ ದಾಸ್ತಾನು ಪಟ್ಟಿಯಲ್ಲಿ ನಾಲ್ಕು ಲಕ್ಷ ಹೆಚ್ಚಿಗೆ ಬರೆಯುವುದು ಸತ್ಯಂ ಪತ್ರದ ಅಲ್ಪ ಅಂತರದ ಊರಿನ ಆವೃತ್ತಿ. ಮುಂದಿನ ತಿಂಗಳು ಆರ್ಡರ್ ಬಂದರೆ ಸರಿಹೋಗುತ್ತದೆಂಬ ನಂಬಿಕೆ ಅಲ್ಲಿಯೂ ಪ್ರಾಮಾಣಿಕವೇ. ಆರ್ಡರ್ ಬರುವುದಿಲ್ಲ, ನಾಲ್ಕು ಲಕ್ಷ ಏಳಾಗುತ್ತದೆ, ಏಳು ಹನ್ನೆರಡಾಗುತ್ತದೆ. ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕನ ಮುಂದೆ ಎರಡು ದಾಸ್ತಾನುಗಳು ಕೂರುತ್ತವೆ, ಒಂದು ಗೋದಾಮಿನಲ್ಲಿ, ಇನ್ನೊಂದು ಬ್ಯಾಂಕಿನ ಕಡತದಲ್ಲಿ.

ಮೋಸಕ್ಕೊಳಗಾದವನು ಮೋಸ ಮಾಡಲು ಅಂಜುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಸಣ್ಣ ಕಾರ್ಖಾನೆಯಿಂದ ಬಿಡಿಭಾಗ ಪಡೆದು ಆರು ತಿಂಗಳು ಹಣ ಕೊಡದೆ ಸತಾಯಿಸುವ ದೊಡ್ಡ ಕಂಪನಿಯನ್ನು ಯಾರೂ ಮೋಸಗಾರನೆನ್ನುವುದಿಲ್ಲ, ಅದಕ್ಕೆ ಪಾವತಿ ನೀತಿ ಎಂಬ ಗೌರವದ ಹೆಸರಿದೆ. ಸರಕು ಒಪ್ಪಿಕೊಂಡ 45 ದಿನಗಳೊಳಗೆ ಹಣ ಕೊಡಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ಮಾಸಿಕ ಚಕ್ರಬಡ್ಡಿಯಾಗಿ ತೆರಬೇಕೆಂದೂ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ವಿಧಿಸಿದೆ. ಆ ಬಡ್ಡಿಯನ್ನು ಕೇಳಿ ಪಡೆದು ಮತ್ತೆ ಅದೇ ಕಂಪನಿಯ ಆರ್ಡರನ್ನೂ ಉಳಿಸಿಕೊಂಡ ಸಣ್ಣ ಉತ್ಪಾದಕನನ್ನು ಹುಡುಕುವುದು ಸುಲಭವಲ್ಲ. ತೆರಿಗೆ ಇಲಾಖೆಯ ವರ್ತನೆಯೂ ಪ್ರಶ್ನಾತೀತವಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಹಲವು ವರ್ಷಗಳ ಜಿಎಸ್‌ಟಿ ನೋಟಿಸುಗಳು ಬಂದಾಗ, ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರೂ ಅದರಲ್ಲಿ ಸೇರಿದ್ದರು. ಬೆಂಗಳೂರಿನ ಅಂಗಡಿಗಳ ಮುಂದೆ ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಅಂಟಿಕೊಂಡವು. 40 ಲಕ್ಷದ ಮಿತಿ ದಾಟಿಯೂ ನೋಂದಣಿ ಮಾಡಿಸದವರು ಆ ಗುಂಪಿನಲ್ಲಿ ಇದ್ದರೆಂಬುದೂ ನಿಜ. ನಿಯಮವನ್ನು ತಿಳಿಸಿಹೇಳುವ ಮೊದಲೇ ದಂಡದ ಲೆಕ್ಕ ಕಳಿಸಿದರೆ, ತಪ್ಪು ಮಾಡಿದವನಿಗೂ ತಾನು ಅನ್ಯಾಯಕ್ಕೊಳಗಾದವನೆಂಬ ಸಮಜಾಯಿಷಿ ಪುಕ್ಕಟೆಯಾಗಿ ದೊರೆಯುತ್ತದೆ.

ತೆರಿಗೆ ತಪ್ಪಿಸುವುದು ಪೇಟೆಯಲ್ಲಿ ಇಷ್ಟು ಕಾಲ ಮೋಸವೆನಿಸದಿದ್ದುದಕ್ಕೆ ಮುಖ್ಯ ಕಾರಣ ಮತ್ತೊಂದಿದೆ. ಅಲ್ಲಿ ವಂಚನೆಗೊಳಗಾಗುವವನಿಗೆ ಮುಖವಿರಲಿಲ್ಲ. ಸರಕಾರವೆಂಬುದು ಬಾವಿಕಟ್ಟೆಯಲ್ಲಿ ಸಿಕ್ಕುವ ನೆರೆಯವನಲ್ಲ. 2017ರ ಜುಲೈ 1ರಿಂದ ಜಾರಿಗೆ ಬಂದ ಜಿಎಸ್‌ಟಿ ಈ ಪರಿಸ್ಥಿತಿಯನ್ನು ಸದ್ದಿಲ್ಲದೆ ಬದಲಿಸಿತು. ಬದಲಾದುದನ್ನು ಪೇಟೆ ಇನ್ನೂ ಪೂರ್ತಿಯಾಗಿ ಗ್ರಹಿಸಿದಂತಿಲ್ಲ.

ಜಿಎಸ್‌ಟಿ ಕಾಯಿದೆಯ ಕಲಂ 16(2)(ಸಿ) ಪ್ರಕಾರ, ಮಾರಿದವನು ತೆರಿಗೆಯನ್ನು ಸರಕಾರಕ್ಕೆ ಕಟ್ಟಿದ್ದರೆ ಮಾತ್ರ ಕೊಂಡವನಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ಸಲ್ಲುತ್ತದೆ. 2022ರ ಡಿಸೆಂಬರ್‌ನಲ್ಲಿ ಸೇರಿಸಲಾದ ನಿಯಮ 37ಎ ಇದಕ್ಕೆ ದಿನಾಂಕವನ್ನೂ ಗೊತ್ತುಮಾಡಿತು. ಹಣಕಾಸು ವರ್ಷ ಮುಗಿದ ನಂತರದ ಸೆಪ್ಟೆಂಬರ್ 30ರೊಳಗೆ ಮಾರಾಟಗಾರ ತನ್ನ 3ಬಿ ರಿಟರ್ನ್ ಸಲ್ಲಿಸದಿದ್ದರೆ, ಖರೀದಿದಾರ ತಾನು ಪಡೆದ ಕ್ರೆಡಿಟ್ಟನ್ನು ನವೆಂಬರ್ 30ರೊಳಗೆ ಹಿಂದಿರುಗಿಸಬೇಕು. ಮಾರಾಟಗಾರ ಎಂದಾದರೂ ರಿಟರ್ನ್ ಸಲ್ಲಿಸಿದರೆ ಅದನ್ನು ಮತ್ತೆ ಪಡೆಯಬಹುದು. ಸಲ್ಲಿಸದೆ ಅಂಗಡಿ ಮುಚ್ಚಿಕೊಂಡು ಹೋದರೆ ನಷ್ಟ ಖರೀದಿದಾರನದು. ಹತ್ತು ಲಕ್ಷದ ಸರಕಿಗೆ ಶೇಕಡ 18ರಂತೆ 1 ಲಕ್ಷ 80 ಸಾವಿರ ತೆರಿಗೆಯನ್ನು ಚೆಕ್ಕಿನ ಮೂಲಕ ಕೊಟ್ಟು, ಪಕ್ಕಾ ಬಿಲ್ ಪಡೆದು, ಸರಕನ್ನು ಗೋದಾಮಿಗೆ ಇಳಿಸಿಕೊಂಡ ವರ್ತಕ, ಅಷ್ಟೇ ಮೊತ್ತವನ್ನು ಎರಡನೆಯ ಸಲ ತೆರಬೇಕಾದ ಸ್ಥಿತಿ ಇದು. ಅವನ ಇಡೀ ವ್ಯವಹಾರದ ಲಾಭ ಅದರ ಅರ್ಧದಷ್ಟೂ ಇರುವುದಿಲ್ಲ.

ಸರಕೇ ಇಲ್ಲದೆ ಬಿಲ್ ಮಾತ್ರ ಮಾರುವ ದಂಧೆ ಇದರ ಮೇಲಿನ ಬರೆ. 2023ರ ಮೇ 16ರಿಂದ ಜುಲೈ 15ರವರೆಗೆ ದೇಶಾದ್ಯಂತ ನಡೆದ ವಿಶೇಷ ತಪಾಸಣೆಯಲ್ಲಿ 21,791 ನೋಂದಾಯಿತ ಸಂಸ್ಥೆಗಳು ಅಸ್ತಿತ್ವದಲ್ಲೇ ಇಲ್ಲವೆಂದು ಕಂಡುಬಂತು. ಶಂಕಿತ ತೆರಿಗೆ ವಂಚನೆ 24,010 ಕೋಟಿ ರೂಪಾಯಿ. ಈ ಸಂಸ್ಥೆಗಳ ಬಿಲ್ಲುಗಳು ಕೈಯಿಂದ ಕೈಗೆ ದಾಟಿ ನಿಜವಾದ ವರ್ತಕರ ಪುಸ್ತಕಗಳನ್ನು ತಲಪುತ್ತವೆ. ಇಲಾಖೆ ತನಿಖೆಗೆ ಇಳಿದಾಗ ಬಿಲ್ ಮಾರಿದವನ ವಿಳಾಸದಲ್ಲಿ ಒಂದು ಖಾಲಿ ಕೋಣೆಯಿರುತ್ತದೆ, ಕೊಂಡವನ ವಿಳಾಸದಲ್ಲಿ ಅಂಗಡಿ, ದಾಸ್ತಾನು, ಬ್ಯಾಂಕ್ ಖಾತೆ ಎಲ್ಲವೂ ಇರುತ್ತವೆ. ವಸೂಲಿ ಎಲ್ಲಿ ನಡೆಯುತ್ತದೆಂದು ಹೇಳಬೇಕಾಗಿಲ್ಲ.

ಅಂದರೆ ತೆರಿಗೆಯ ಮೋಸಕ್ಕೆ ಈಗ ಮುಖ ಬಂದಿದೆ, ಅದು ಪಕ್ಕದ ಅಂಗಡಿಯವನ ಮುಖ. ಹೀಗಿದ್ದರೂ ಪೇಟೆಯ ಮರ್ಯಾದೆಯ ಲೆಕ್ಕ ಹಳೆಯದೇ ಉಳಿದಿದೆ. ತೂಕದಲ್ಲಿ ಮೋಸ ಮಾಡಿದವನನ್ನು, ಸೂಟಿನ ಹೆಸರಲ್ಲಿ ರೈತನ ಚೀಲದಿಂದ ಎರಡು ಕಿಲೋ ಮುರಿದುಕೊಂಡವನನ್ನು ಜನ ಬೆರಳು ಮಾಡಿ ತೋರಿಸುತ್ತಾರೆ. ಶೇಕಡ ಎರಡೋ ಮೂರೋ ಕಮಿಷನ್ ಪಡೆದು ಬಿಲ್ ಒದಗಿಸುವವನನ್ನು ಹೊಂದಾಣಿಕೆ ಬಲ್ಲವನೆಂದು ಮೆಚ್ಚುತ್ತಾರೆ. ಅವನು ಯಾರೆಂಬುದು ಇಲಾಖೆಗೆ ತಿಳಿಯುವ ಎಷ್ಟೋ ತಿಂಗಳ ಮೊದಲೇ ಬೀದಿಗೆ ತಿಳಿದಿರುತ್ತದೆ. ಅವನಿಗೆ ಉದ್ರಿ ನಿಂತಿಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ಅವನ ಕುರ್ಚಿಯೂ ಹಿಂದೆ ಸರಿದಿಲ್ಲ.

ವಾಣಿಜ್ಯ ಸಂಘಗಳು ಸಾಮಾನ್ಯವಾಗಿ ಪ್ರಾಮಾಣಿಕ ಖರೀದಿದಾರನನ್ನು ಕಲಂ 16(2)(ಸಿ)ರ ಹೊಡೆತದಿಂದ ಪಾರುಮಾಡಬೇಕೆಂದು ಸರಕಾರಕ್ಕೆ ಮನವಿ ಸಲ್ಲಿಸುತ್ತ ಬಂದಿವೆ. ಬೇಡಿಕೆ ನ್ಯಾಯವಾದುದು, ಅದನ್ನು ಬಿಡಬಾರದು. ಆದರೆ ಬಿಲ್ ಮಾರುವ ಸದಸ್ಯರ ವಿಷಯದಲ್ಲಿ ಮೌನವಾಗಿದ್ದು, ಅವರ ಬಲಿಗಳ ಪರವಾಗಿ ಮಾತ್ರ ಅರ್ಜಿ ಬರೆಯುವ ಸಂಘದ ಮಾತಿಗೆ ಅಧಿಕಾರಿಗಳ ಮುಂದೆ ಎಷ್ಟು ತೂಕವಿದ್ದೀತು? ಸದಸ್ಯತ್ವದ ನವೀಕರಣದ ಸಮಯದಲ್ಲಿ ಜಿಎಸ್‌ಟಿ ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನುಗಳು ಸಲ್ಲಿಕೆಯಾಗಿವೆಯೇ ಎಂದು ನೋಡುವುದಕ್ಕೆ ಯಾವ ಕಾನೂನಿನ ಅನುಮತಿಯೂ ಬೇಡ. ಪೋರ್ಟಲ್‌ನಲ್ಲಿ ಆ ವಿವರ ಯಾರಿಗಾದರೂ ಕಾಣುತ್ತದೆ. ಖರೀದಿದಾರನ ದೂರನ್ನು ಕೇಳಿ, ಮಾರಾಟಗಾರನನ್ನು ಕರೆಸಿ, ರಿಟರ್ನ್ ಸಲ್ಲಿಸುವಂತೆ ಒತ್ತಾಯಿಸಲು ಪೇಟೆಯ ಹಿರಿಯರ ಒಂದು ಸಮಿತಿ ಸಾಕು. ಬಾಕಿ ವಸೂಲಿಯ ವ್ಯಾಜ್ಯಗಳನ್ನು ಸಂಘಗಳು ಹಿಂದಿನಿಂದಲೂ ಹೀಗೆಯೇ ಬಗೆಹರಿಸುತ್ತ ಬಂದಿವೆ.

ಅಷ್ಟರವರೆಗೆ ಕೆಲವು ಜಾಗರೂಕ ಖರೀದಿದಾರರು ತಮ್ಮದೇ ದಾರಿ ಕಂಡುಕೊಂಡಿದ್ದಾರೆ. ಸರಕಿನ ಬೆಲೆಯನ್ನು ಕರಾರಿನ ದಿನಕ್ಕೆ ಕೊಟ್ಟು, ತೆರಿಗೆಯ ಭಾಗವನ್ನು ಮಾತ್ರ ತಡೆಹಿಡಿಯುತ್ತಾರೆ. ಪ್ರತಿ ತಿಂಗಳ 14ರಂದು 2ಬಿ ಪಟ್ಟಿ ತೆರೆದು ತಮ್ಮ ಬಿಲ್ ಅದರಲ್ಲಿದೆಯೇ ಎಂದು ನೋಡುತ್ತಾರೆ. ಅಲ್ಲಿ ಕಂಡ ಮಾತ್ರಕ್ಕೆ ತೆರಿಗೆ ಸಂದಾಯವಾಯಿತೆಂದು ಅರ್ಥವಲ್ಲವಾದುದರಿಂದ, ಮಾರಾಟಗಾರನ 3ಬಿ ಸಲ್ಲಿಕೆಯಾದುದನ್ನೂ ಖಚಿತಪಡಿಸಿಕೊಂಡು ಉಳಿದ ಹಣ ಬಿಡುಗಡೆ ಮಾಡುತ್ತಾರೆ. ಮೊದಲ ಸಲ ಈ ಷರತ್ತು ಕೇಳಿದಾಗ ಮಾರಾಟಗಾರರು ತಮ್ಮ ಮೇಲೆ ನಂಬಿಕೆಯಿಲ್ಲವೇ ಎಂದು ಮುನಿಸಿಕೊಂಡದ್ದುಂಟು. ಎರಡು ಮೂರು ತಿಂಗಳಲ್ಲಿ ಅವರಲ್ಲಿ ಹಲವರು ತಮಗೆ ಸರಕು ಪೂರೈಸುವವರಿಗೂ ಅದೇ ಷರತ್ತು ಹಾಕಲು ಆರಂಭಿಸಿದ್ದಾರೆ.